ಅಮ್ಮನ ದುಡ್ಡು ಎಲ್ಲಿಗೆ ಹೋಯ್ತು: ಓಜು ಅವರ ‘ಒಬ್ಬನೇ ಮಗ’ ಸಿನಿಮಾ ನೋಡಿದ್ಮೇಲೆ ಆಡಿದ ಮಾತು

(ಶೋ ಮುಗಿದ್ಮೇಲೆ ಮಾತಾಡಿದ್ದನ್ನ ಗೆಳೆಯರು ರೆಕಾರ್ಡ್ ಮಾಡ್ಕೊಂಡಿದ್ರು. ಅದನ್ನೇ ಕೇಳ್ಕೊಂಡು ಟೈಪ್ ಮಾಡಿದೀನಿ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದೀನಿ, ಉಳಿದಂತೆ ಮಾತಿನ ಧಾಟಿ ಹಾಗೇ ಇದೆ.)

ಎಲ್ರಿಗೂ ನಮಸ್ಕಾರ. ಸಿನಿಮಾ ಈಗಷ್ಟೇ ಮುಗ್ದಿದೆ, ಕೆಲವರು ಇನ್ನೂ ಕಣ್ಣು ಒರೆಸ್ಕೊತಾ ಇದೀರಿ, ಇಂಥ ಹೊತ್ತಲ್ಲಿ ಮೈಕ್ ಹಿಡ್ಕೊಂಡು ಬಂದು ದುಡ್ಡಿನ ವಿಷಯ ಎತ್ತೋದು ಸ್ವಲ್ಪ ಅಸಹ್ಯ ಅನ್ಸುತ್ತೆ, ಆದ್ರೂ ಅದನ್ನೇ ಎತ್ತುತೀನಿ. ಯಾಕಂದ್ರೆ ಈ ಸಿನಿಮಾ ಬಗ್ಗೆ ಯಾರು ಮಾತಾಡಿದ್ರೂ ತಾಯಿ ಪ್ರೀತಿ, ತ್ಯಾಗ, ಮಮತೆ ಅಂತ ಶುರು ಮಾಡಿ ಅಲ್ಲೇ ಮುಗಿಸ್ತಾರೆ, ಅದು ಸುಳ್ಳಲ್ಲ, ಆದ್ರೆ 1936ರಲ್ಲಿ ಇದನ್ನ ಮಾಡಿದ ಜಪಾನಿ ನಿರ್ದೇಶಕ ಓಜು ಅಷ್ಟಕ್ಕೇ ನಿಲ್ಲೋ ಮನುಷ್ಯ ಅಲ್ಲ. ಅವರು ಎಂಬತ್ತು ಚಿಲ್ಲರೆ ನಿಮಿಷದ ಈ ಸಿನಿಮಾದಲ್ಲಿ ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋದನ್ನ ಶೆಟ್ಟರ ಅಂಗಡಿ ಲೆಕ್ಕದ ಪುಸ್ತಕದ ಹಾಗೆ ಬರೆದಿಟ್ಟಿದಾರೆ. ಆ ಲೆಕ್ಕ ಓದಿದ್ರೆ ಕಥೆ ಬೇರೆ ಥರ ಕಾಣುತ್ತೆ, ಅಷ್ಟೇ ನಾನು ಹೇಳಬೇಕು ಅಂತ ಬಂದಿರೋದು.

ತಡವಾಗಿ ಬಂದವರಿಗೆ ಕಥೆ ಬೇಗ ಹೇಳ್ಬಿಡ್ತೀನಿ. 1923, ಜಪಾನಿನ ಶಿನ್‌ಶೂ, ಅಂದ್ರೆ ಈಗಿನ ನಾಗಾನೊ ಸೀಮೆ, ಬೆಟ್ಟದ ನಾಡು. ಓತ್ಸುನೆ ಅಂತ ಒಬ್ಬ ವಿಧವೆ, ರೇಷ್ಮೆ ಫ್ಯಾಕ್ಟರೀಲಿ ನೂಲು ತೆಗೆಯೋ ಕೆಲಸ. ಒಬ್ಬನೇ ಮಗ ರ್ಯೋಸುಕೆ, ಪ್ರೈಮರಿ ಮುಗಿಸ್ತಾ ಇದಾನೆ. ಮುಂದೆ ಓದಿಸೋಕೆ ಕೈಲಾಗಲ್ಲ ಅಂತ ಅವಳಿಗೆ ಗೊತ್ತು, ಹುಡುಗ ಮಾತ್ರ ಮೇಷ್ಟ್ರ ಹತ್ರ ‘ನಾನು ಮಿಡಲ್ ಸ್ಕೂಲಿಗೆ ಹೋಗ್ತೀನಿ’ ಅಂತ ಹೇಳ್ಬಿಟ್ಟಿದಾನೆ. ಓಕುಬೊ ಮೇಷ್ಟ್ರು ಮನೆಗೇ ಬಂದು ‘ಒಳ್ಳೇ ನಿರ್ಧಾರ ಮಾಡಿದ್ರಮ್ಮಾ’ ಅಂತ ಅಭಿನಂದನೆ ಬೇರೆ ಹೇಳ್ತಾರೆ. ಮೇಷ್ಟ್ರು ಆ ಕಡೆ ಹೋಗ್ತಿದ್ದ ಹಾಗೆ ಮಗನ ಕೆನ್ನೆಗೆ ಒಂದು ಬೀಳುತ್ತೆ. ಆಮೇಲೆ ಅದೇ ಅಮ್ಮ, ಹೋಗು ಓದು, ದೊಡ್ಡ ಮನುಷ್ಯ ಆಗು, ನಾನು ದುಡೀತೀನಿ ಅಂತಾಳೆ. ಹದಿಮೂರು ವರ್ಷ ದಾಟುತ್ತೆ, 1936. ಮಗನ್ನ ನೋಡೋಕೆ ಟೋಕಿಯೋಗೆ ಬರ್ತಾಳೆ. ಬಂದ್ರೆ ಮಗ ಸಿಟಿ ಆಫೀಸಿನ ಕೆಲಸ ಬಿಟ್ಟಾಗಿದೆ, ನೈಟ್ ಸ್ಕೂಲಲ್ಲಿ ಜಾಮೆಟ್ರಿ ಹೇಳ್ಕೊಡ್ತಾನೆ, ಊರಾಚೆ ಫ್ಯಾಕ್ಟರಿ ಸದ್ದಿನ ಮಧ್ಯೆ ಒಂದು ಹಳೇ ಮನೆ, ಅಮ್ಮನಿಗೆ ತಿಳಿಸದೇ ಮದುವೆ ಆಗಿದೆ, ಒಂದು ಮಗೂನೂ ಇದೆ.

ಇಷ್ಟೇ ಕಥೆ. ಇದರಲ್ಲಿ ವಿಲನ್ ಇಲ್ಲ. ಕುಡುಕ ಗಂಡ ಇಲ್ಲ, ಅತ್ತೆನ ಹೊರಗೆ ಹಾಕೋ ಸೊಸೆ ಇಲ್ಲ, ಬಡ್ಡಿ ಸಾಹುಕಾರ ಇಲ್ಲ. ದುಡ್ಡಿನ ಕಥೆ ಅಂದ್ರೆ ನಮಗೆ ಇವರಲ್ಲಿ ಒಬ್ಬರಾದ್ರೂ ಬೇಕು ಅನ್ಸುತ್ತಲ್ವಾ?

ರೇಷ್ಮೆಯಿಂದ ಶುರು ಮಾಡೋಣ, ಸ್ವಲ್ಪ ಹೊತ್ತು ಅಲ್ಲೇ ನಿಲ್ತೀನಿ, ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಶಿಡ್ಲಘಟ್ಟ, ರಾಮನಗರದ ಕಡೆಯವರು ಇಲ್ಲಿದ್ರೆ ಮೊದಲ ಸೀನಲ್ಲೇ ಮೂಗಿಗೆ ವಾಸನೆ ಬಂದಿರುತ್ತೆ, ಗೂಡು ಬೇಯೋ ವಾಸನೆ. ಬಿಸಿ ನೀರಲ್ಲಿ ಗೂಡು ಹಾಕಿ ಎಳೆ ಹುಡುಕಿ ರಾಟೆಗೆ ಕೊಡೋ ಆ ಕೆಲಸ, ನಾವು ಬಿಚ್ಚಾಣಿಕೆ ಅಂತೀವಲ್ಲ ಅದೇ, ಅಲ್ಲೂ ಅದನ್ನ ಹೆಂಗಸರೇ ಮಾಡ್ತಿದ್ದಿದ್ದು. ಜಪಾನಿಗೂ ನಮಗೂ ರೇಷ್ಮೆ ನಂಟು ಹಳೇದು. ಬೆಂಗಳೂರಲ್ಲಿ ಬಸವನಗುಡಿ ಪಕ್ಕ ಟಾಟಾ ಸಿಲ್ಕ್ ಫಾರ್ಮ್ ಅನ್ನೋ ಏರಿಯಾ ಇದೆಯಲ್ಲ, ಅದು 1890ರ ದಶಕದಲ್ಲಿ ಜೆಮ್‌ಶೆಡ್‌ಜಿ ಟಾಟಾ ಅವರು ಜಪಾನಿ ತಜ್ಞರನ್ನ ಕರೆಸಿ ಮಾಡಿಸಿದ ರೇಷ್ಮೆ ಫಾರ್ಮ್. 1990ರ ದಶಕದಲ್ಲಿ ಒಳ್ಳೇ ನೂಲು ಕೊಡೋ ದ್ವಿತಳಿ ಗೂಡು ಬೆಳೆಸೋದನ್ನ ಕಲಿಸೋಕೂ ಮತ್ತೆ ಜಪಾನಿನವರೇ ಇಲ್ಲಿಗೆ ಬಂದಿದ್ರು. ಇರ್ಲಿ, ಸಿನಿಮಾಗೆ ಬರ್ತೀನಿ.

1923ರಲ್ಲಿ ಜಪಾನಿನ ರೇಷ್ಮೆ ಅಂದ್ರೆ ಸುಮ್ನೆ ಅಲ್ಲ. 1909ರ ಹೊತ್ತಿಗೇ ಚೀನಾನ ಹಿಂದೆ ಹಾಕಿ ಜಗತ್ತಿನಲ್ಲೇ ಅತಿ ಹೆಚ್ಚು ಕಚ್ಚಾ ರೇಷ್ಮೆ ರಫ್ತು ಮಾಡೋ ದೇಶ ಆಗಿತ್ತು. ಹೋಗ್ತಿದ್ದಿದ್ದು ಹೆಚ್ಚಾಗಿ ಅಮೆರಿಕಾಗೆ, ಅಲ್ಲಿನ ಹೆಂಗಸರ ಬಟ್ಟೆಗೆ, ಕಾಲುಚೀಲಕ್ಕೆ. ನಾಗಾನೊದ ಓಕಾಯಾ, ಸುವಾ ಕೆರೆ ಸುತ್ತಮುತ್ತ ಪೂರ್ತಿ ರೇಷ್ಮೆ ಫ್ಯಾಕ್ಟರಿಗಳು, ಪಕ್ಕದ ಬೆಟ್ಟದ ಸೀಮೆಯಿಂದ ಎಳೇ ಹುಡುಗೀರು ಹಿಮದಲ್ಲಿ ನೊಮುಗಿ ಕಣಿವೆ ದಾಟಿ ನಡ್ಕೊಂಡು ಬರ್ತಿದ್ರು ಕೆಲಸಕ್ಕೆ. ಜಪಾನ್ ಯುದ್ಧದ ಹಡಗು ತಗೊಂಡಿದ್ದು, ಮೆಷೀನ್ ತರಿಸಿದ್ದು, ಆ ವಿದೇಶಿ ದುಡ್ಡಲ್ಲಿ ಬಹಳಷ್ಟು ಈ ಹೆಂಗಸರ ಬೆಂದ ಬೆರಳುಗಳಿಂದ ಬಂದಿದ್ದು. ಆಮೇಲೆ 1929ರಲ್ಲಿ ನ್ಯೂಯಾರ್ಕ್ ಷೇರು ಮಾರ್ಕೆಟ್ ಬಿತ್ತು, ಅಮೆರಿಕಾದವರು ರೇಷ್ಮೆ ಕೊಳ್ಳೋದು ಕಡಿಮೆ ಮಾಡಿದ್ರು, 1930ರಲ್ಲಿ ರೇಷ್ಮೆ ರೇಟು ನೆಲ ಕಚ್ಚಿತು, ನಾಗಾನೊ ಹಳ್ಳಿಗಳು ಸೊಂಟ ಮುರ್ಕೊಂಡ್ವು.

ಓಜು ಇದ್ಯಾವುದನ್ನೂ ಬಾಯಿಬಿಟ್ಟು ಹೇಳಲ್ಲ. 1923 ತೋರಿಸ್ತಾರೆ, ಆಮೇಲೆ ಅಮ್ಮ ಟೋಕಿಯೋಗೆ ಹೊರಡೋಕೆ ಮುಂಚಿನ ವರ್ಷ, 1935 ಅಂತ ಬರೀತಾರೆ, ಮಧ್ಯದ ಹನ್ನೆರಡು ವರ್ಷ ಒಂದೇ ಕಟ್ಟಲ್ಲಿ ಮುಗಿದೋಗುತ್ತೆ. 1936ರ ಪ್ರೇಕ್ಷಕರಿಗೆ ಹೇಳೋದೇ ಬೇಕಿರಲಿಲ್ಲ, ಆ ಹನ್ನೆರಡು ವರ್ಷ ಅವರ ಮನೇಲೇ ನಡೆದಿತ್ತು. ನಮಗೆ ಗೊತ್ತಿಲ್ದೇ ಇದ್ರೆ ಅಮ್ಮ ಬಡವಿ ಆಗೇ ಇದ್ದಿದ್ದು ಅವಳ ಹಣೆಬರಹ, ಮಗ ಉದ್ಧಾರ ಆಗ್ದೇ ಇದ್ದಿದ್ದು ಅವನ ಸೋಮಾರಿತನ ಅನ್ಸಿಬಿಡುತ್ತೆ. ಅದಕ್ಕೇ ಇಷ್ಟು ಹೇಳಿದ್ದು. ಇನ್ನೊಂದು ವಿಷಯ, ಟೈಟಲ್ ಬರುವಾಗ ಒಂದು ಟ್ಯೂನ್ ಕೇಳಿಸ್ತಲ್ಲ, ಅದು ‘ಓಲ್ಡ್ ಬ್ಲ್ಯಾಕ್ ಜೋ’, ಸ್ಟೀಫನ್ ಫಾಸ್ಟರ್ ಬರೆದ ಅಮೆರಿಕಾ ಹಾಡು. ರೇಷ್ಮೆ ಆ ಕಡೆ ಹೋಯ್ತು, ಹಾಡು ಈ ಕಡೆ ಬಂತು ಅಂತ ನನಗೆ ತಮಾಷೆಯಾಗಿ ಅನ್ಸುತ್ತೆ, ಓಜು ಹಾಗೆ ಯೋಚ್ನೆ ಮಾಡಿದ್ರು ಅಂತ ನಾನು ವಾದ ಮಾಡಲ್ಲ.

ಈಗ ಲೆಕ್ಕ. ಅಮ್ಮ ಹೇಗೆ ಓದಿಸಿದ್ಲು ಅಂತ ಸಿನಿಮಾ ನಮಗೆ ಮೊದಲು ಹೇಳಲ್ಲ, ಹೊಟ್ಟೆ ಬಟ್ಟೆ ಕಟ್ಟಿ ಓದಿಸಿರಬೇಕು ಅಂತ ಅಂದ್ಕೊಂಡು ಸುಮ್ಮನಿರ್ತೀವಿ. ಅರ್ಧಕ್ಕಿಂತ ಹೆಚ್ಚು ಸಿನಿಮಾ ಮುಗಿದ್ಮೇಲೆ, ಒಂದು ರಾತ್ರಿ, ಮಗನ ಮೇಲೆ ಬೇಜಾರಾಗಿ ಮಾತಿಗೆ ಮಾತು ಬೆಳೆದಾಗ ಬಾಯಿಂದ ಬೀಳುತ್ತೆ. ಮನೆ ಇಲ್ಲ ಕಣೋ, ಮಾರಾಯ್ತು, ಜಮೀನೂ ಹೋಯ್ತು, ನಿಮ್ಮಪ್ಪ ಬಿಟ್ಟೋಗಿದ್ದ ಹಿಪ್ಪುನೇರಳೆ ತೋಟಾನೂ ಹೋಯ್ತು, ನಾನಿರೋದು ಫ್ಯಾಕ್ಟರಿಯವರ ಸಾಲುಮನೇಲಿ. ಅದನ್ನ ಅವಳು ಲೆಕ್ಕ ಒಪ್ಪಿಸೋಕೆ ಹೇಳಲ್ಲ. ಮಗ ಆಗಷ್ಟೇ ‘ನಾನು ಟೋಕಿಯೋಗೆ ಬರಲೇಬಾರದಿತ್ತು, ಊರಲ್ಲಿ ನಿನ್ನ ಜೊತೆ ಇದ್ದಿದ್ರೆ ಚೆನ್ನಾಗಿತ್ತು’ ಅನ್ನೋ ಅರ್ಥದಲ್ಲಿ ಮಾತಾಡಿದಾನೆ, ನಮ್ಮ ಓಕುಬೊ ಮೇಷ್ಟ್ರಂಥವರೇ ಟೋಕಿಯೋಗೆ ಬಂದು ಟೊನ್ಕಾತ್ಸು, ಅಂದ್ರೆ ಹಂದಿ ಮಾಂಸದ ತಿಂಡಿ, ಕರೀತಾ ಕೂತಿದಾರೆ, ನಾನ್ಯಾವ ಲೆಕ್ಕ ಅಂದಿದಾನೆ. ಅವಳಿಗೆ ಸಿಟ್ಟು ಬಂದಿದ್ದು ಮಗ ಬಡವ ಅಂತ ಅಲ್ಲ, ಮೂವತ್ತಕ್ಕೂ ಮುಂಚೆಯೇ ಕೈಚೆಲ್ಲಿ ಕೂತಿದಾನಲ್ಲ ಅಂತ. ನನಗೆ ಇರೋದು ನೀನೊಬ್ಬನೇ, ಅದನ್ನ ನಂಬ್ಕೊಂಡೇ ಇಷ್ಟು ವರ್ಷ ದುಡಿದೆ, ಆ ನೀನೇ ಹೀಗಂದ್ರೆ? ಅಷ್ಟು.

ಇಲ್ಲಿ ಓಜು ಒಂದು ಕೆಲಸ ಮಾಡ್ತಾರೆ. ಪಕ್ಕದಲ್ಲಿ ಮಲಗಿದ್ದ ಸೊಸೆ ಸುಗಿಕೊ ಎಲ್ಲಾ ಕೇಳಿಸ್ಕೊಂಡು ಅಳ್ತಾ ಇದಾಳೆ, ಅಮ್ಮ ಅಳ್ತಾ ಇದಾಳೆ, ಕ್ಯಾಮೆರಾ ಸಡನ್ನಾಗಿ ಅವರನ್ನೆಲ್ಲ ಬಿಟ್ಟು ಖಾಲಿ ರೂಮಿನ ಒಂದು ಮೂಲೆ ತೋರಿಸಿ ನಿಂತ್ಬಿಡುತ್ತೆ. ಹತ್ತಿರ ಹತ್ತಿರ ಒಂದು ನಿಮಿಷ. ಅಳು ಕೇಳಿಸುತ್ತೆ, ನಿಧಾನಕ್ಕೆ ನಿಲ್ಲುತ್ತೆ, ಬೆಳಕು ಬದಲಾಗುತ್ತೆ, ಬೆಳಗಾಗುತ್ತೆ. ಇದನ್ನ ಫಿಲಂ ಕ್ಲಾಸುಗಳಲ್ಲಿ ಶೂನ್ಯ, ಝೆನ್, ಮೌನ ಅಂತೆಲ್ಲ ಹೇಳ್ಕೊಡ್ತಾರೆ. ನನಗೆ ಅದಕ್ಕಿಂತ ಸರಳ ಅನ್ಸುತ್ತೆ: ಬಡವರ ಮನೇಲಿ ಅಳೋಕೆ ಬೇರೆ ರೂಮಿಲ್ಲ, ಎಲ್ಲರೂ ಎಲ್ಲರ ಅಳೂನೂ ಕೇಳಿಸ್ಕೊಂಡೇ ಮಲಗಬೇಕು. ಕ್ಯಾಮೆರಾ ಮುಖ ತಿರುಗಿಸ್ಕೊಂಡಿದ್ದು ಮರ್ಯಾದೆಗೆ. ಪಕ್ಕದ ಮನೆಯವರು ಜಗಳ ಕೇಳಿಸಿದ್ರೂ ಕೇಳಿಸದ ಹಾಗೆ ಇರ್ತಾರಲ್ಲ, ಹಾಗೆ.

ಮಗನ ಕಡೆ ಲೆಕ್ಕಕ್ಕೆ ಬನ್ನಿ. ಅಮ್ಮ ಬಂದಿದ್ದೇ ಬಂದಿದ್ದು, ಅವನ ಹತ್ರ ಏನೂ ಇಲ್ಲ. ಜೊತೆ ಕೆಲಸ ಮಾಡೋ ಮೇಷ್ಟ್ರುಗಳ ಹತ್ರ ಕೈಸಾಲ ತಗೊಂಡ. ಆ ಸಾಲದಲ್ಲಿ ಅಮ್ಮನಿಗೆ ಟೋಕಿಯೋ ತೋರಿಸಿದ, ಅಸಾಕುಸಾ, ಉಯೆನೊ, ಆಮೇಲೆ ಸಿನಿಮಾ. ಸಿನಿಮಾ ಸೀನ್ ನೆನಪಿದೆಯಲ್ಲ? ‘ಅಮ್ಮಾ ಇದನ್ನ ಟಾಕಿ ಅಂತಾರೆ’ ಅಂತ ಹೆಮ್ಮೆಯಿಂದ ಹೇಳ್ತಾನೆ, ಪರದೆ ಮೇಲೆ ಸಂಗೀತಗಾರ ಶೂಬರ್ಟ್ ಬಗ್ಗೆ ವಿಲ್ಲಿ ಫೋರ್ಸ್ಟ್ ಮಾಡಿದ 1933ರ ಜರ್ಮನ್ ಭಾಷೆಯ ಸಿನಿಮಾ, ಗೋಧಿ ಹೊಲದಲ್ಲಿ ಹೀರೋಯಿನ್ ಓಡ್ತಾ ಇದಾಳೆ, ಅಮ್ಮ ತೂಕಡಿಸ್ತಾ ಇದಾಳೆ. ಎಲ್ಲರೂ ನಕ್ರಿ. ಆದ್ರೆ ಆ ಟಿಕೆಟ್ಟು ಸಾಲದ ದುಡ್ಡಿನದು. ಇದು ಗೊತ್ತಿದ್ದು ನೋಡಿದ್ರೆ ಅಮ್ಮನ ಪಕ್ಕ ಕೂತ ಮಗನ ಮುಖ ನೋಡೋಕೆ ಕಷ್ಟ ಆಗುತ್ತೆ.

ಆ ಜರ್ಮನ್ ಸಿನಿಮಾನ ಯಾಕೆ ಅಷ್ಟೊತ್ತು ತೋರಿಸಿದ್ರು ಅನ್ನೋದಕ್ಕೆ ಒಂದು ಹಿನ್ನೆಲೆ ಇದೆ. ‘ಒಬ್ಬನೇ ಮಗ’ ಓಜು ಮಾಡಿದ ಮೊದಲ ಟಾಕಿ ಕಥಾಚಿತ್ರ. ಜಪಾನಿನಲ್ಲಿ ಟಾಕಿ ಬಂದು ಐದು ವರ್ಷ ಆಗಿತ್ತು, ಉಳಿದವರೆಲ್ಲ ಮಾಡ್ತಾ ಇದ್ರು, ಓಜು ಮಾತ್ರ ಮೂಕಿಚಿತ್ರಾನೇ ಹಿಡ್ಕೊಂಡು ಕೂತಿದ್ರು. ಅವರ ಹಳೇ ಕ್ಯಾಮೆರಾಮನ್ ಮೊಹಾರಾ ತಾನೇ ಒಂದು ಸೌಂಡ್ ಸಿಸ್ಟಂ ಕಂಡುಹಿಡಿಯೋದ್ರಲ್ಲಿ ಇದ್ರು, ಅದು ರೆಡಿ ಆಗೋವರೆಗೂ ಕಾಯ್ತೀನಿ ಅಂತ ಅವರಿಗೆ ಮಾತು ಕೊಟ್ಟಿದ್ರು. ಅಷ್ಟರಲ್ಲಿ ಓಜು ಕೆಲಸ ಮಾಡ್ತಿದ್ದ ಶೋಚಿಕು ಸಿನಿಮಾ ಕಂಪನಿ ಕಾಮಾತಾ ಸ್ಟುಡಿಯೋ ಖಾಲಿ ಮಾಡಿ ಓಫುನಾಗೆ ಶಿಫ್ಟ್ ಆಗಿತ್ತು, ಇವರು ಆ ಖಾಲಿ ಕಾಮಾತಾದಲ್ಲೇ ಶೂಟಿಂಗ್ ಮಾಡಿದ್ರು, ಸೌಂಡ್‌ಪ್ರೂಫ್ ಇಲ್ಲ, ಹೊರಗೆ ಟ್ರೈನ್ ಸದ್ದು, ಹಾಗಾಗಿ ಟ್ರೈನ್ ನಿಂತ ಮೇಲೆ ನಡುರಾತ್ರಿ ಶುರು ಮಾಡಿ ಬೆಳಗಿನ ಜಾವದವರೆಗೆ ಕೆಲಸ. ಕೊಟ್ಟ ಮಾತಿಗೆ ಅಷ್ಟು ಕಷ್ಟಪಟ್ಟ ಮನುಷ್ಯ ತನ್ನ ಮೊದಲ ಟಾಕಿಯಲ್ಲೇ ಟಾಕಿ ನೋಡ್ತಾ ನಿದ್ದೆ ಹೋಗೋ ಅಜ್ಜಿನ ಇಟ್ಟಿದಾರೆ ನೋಡಿ, ತುಂಟತನ.

ಸಾಲದ ದುಡ್ಡು ಕೆಲವೇ ದಿನಕ್ಕೆ ಖಾಲಿ. ಆಮೇಲೆ ರಾತ್ರಿ ಗಾಡೀಲಿ ಮಾರ್ಕೊಂಡು ಬರೋ ನೂಡಲ್ಸ್ ತಂದು ಕೊಡ್ತಾನೆ, ‘ಸಾರು ಚೆನ್ನಾಗಿರುತ್ತಮ್ಮಾ’ ಅಂತ. ಆಮೇಲೆ ದುಡ್ಡು ಬೇಡದ ಜಾಗಕ್ಕೆ ಕರ್ಕೊಂಡು ಹೋಗ್ತಾನೆ. ಸುನಾಮಾಚಿ ಕಡೆ, ಸಮುದ್ರ ತುಂಬಿಸಿ ಮಾಡಿದ ಬಯಲು, ದೂರದಲ್ಲಿ ಊರಿನ ಕಸ ಸುಡೋ ದೊಡ್ಡ ದೊಡ್ಡ ಚಿಮಣಿ. ಅಮ್ಮ ಮಗ ಹುಲ್ಲಲ್ಲಿ ಕೂತು ಮಾತಾಡೋ ಆ ಸೀನು ನನ್ನ ಪ್ರಕಾರ ಇಡೀ ಸಿನಿಮಾದ ಬೆನ್ನೆಲುಬು. ಮೇಲೆ ಬಾನಾಡಿ ಹಕ್ಕಿ ಕೂಗುತ್ತೆ, ಇಬ್ಬರೂ ತಲೆ ಎತ್ತಿ ನೋಡ್ತಾರೆ, ಆಮೇಲೆ ಮಗ ಕೇಳ್ತಾನೆ: ಅಮ್ಮಾ, ನಾನು ಏನಾಗಿರ್ತೀನಿ ಅಂದ್ಕೊಂಡಿದ್ದೆ? ಅವಳು ನೇರ ಉತ್ತರ ಕೊಡಲ್ಲ. ಇನ್ನೂ ವಯಸ್ಸಿದೆ, ಈಗಷ್ಟೇ ಶುರು ಅಂತಾಳೆ. ಇದೇ ಏರಿಯಾಗೆ ಹತ್ತಿರದ ಫುಕಾಗಾವಾದಲ್ಲೇ 1903ರ ಡಿಸೆಂಬರ್ 12ಕ್ಕೆ ಓಜು ಹುಟ್ಟಿದ್ದು, ಹಾಗಾಗಿ ಇದು ಅವರಿಗೆ ಗೊತ್ತಿದ್ದ ಟೋಕಿಯೋ, ಪೋಸ್ಟ್‌ಕಾರ್ಡ್ ಟೋಕಿಯೋ ಅಲ್ಲ.

ಮೇಷ್ಟ್ರ ಕೆಲಸವೂ ಅವರಿಗೆ ಗೊತ್ತಿತ್ತು. ಓಜು ಪರೀಕ್ಷೆಯಲ್ಲಿ ಫೇಲಾಗಿ, 1922ರಲ್ಲಿ ಮೀಎ ಸೀಮೆಯ ಒಂದು ಬೆಟ್ಟದ ಹಳ್ಳೀಲಿ ಒಂದು ವರ್ಷ ಬದಲಿ ಮೇಷ್ಟ್ರಾಗಿದ್ರು. 1923ರಲ್ಲಿ ಟೋಕಿಯೋಗೆ ಬಂದು ಶೋಚಿಕು ಸೇರಿದ್ರು. ಸಿನಿಮಾದಲ್ಲಿ ಓಕುಬೊ ಮೇಷ್ಟ್ರು ಹಳ್ಳಿ ಬಿಟ್ಟು ಟೋಕಿಯೋಗೆ ಹೊರಡೋದೂ ಆ ಕಾಲಕ್ಕೇ. ಒಬ್ಬರು ಓಜು ಆದ್ರು, ಇನ್ನೊಬ್ಬರು ಹಂದಿ ಮಾಂಸಕ್ಕೆ ಬ್ರೆಡ್ ಪುಡಿ ಹಚ್ಚಿ ಕರೆಯೋಕೆ ನಿಂತ್ರು. ಓಕುಬೊ ಪಾರ್ಟ್ ಮಾಡಿರೋದು ಚಿಶೂ ರ್ಯೂ, ಮುಂದೆ ಓಜು ಅವರದೇ ‘ಟೋಕಿಯೋ ಸ್ಟೋರಿ’ ಸಿನಿಮಾದ ತಾತ ಆದವರು. ಅಮ್ಮ ಮಗ ಅವರ ಟೊನ್ಕಾತ್ಸು ಅಂಗಡಿಗೆ ಹೋಗೋ ಸೀನಲ್ಲಿ ಅವರು ನಗ್ತಾರೆ, ಮುಜುಗರ ಪಡ್ತಾರೆ, ಮತ್ತೆ ನಗ್ತಾರೆ, ಮಕ್ಕಳು ಕಾಲಿಗೆ ಸಿಗ್ತಾ ಇರ್ತಾವೆ. ಅಮ್ಮ ಅಲ್ಲಿಂದ ಹೊರಡುವಾಗ ನಮಗಿಂತ ಮುಂಚೆ ಅವಳಿಗೆ ಎಲ್ಲಾ ಗೊತ್ತಾಗಿರುತ್ತೆ. ಯಾಕಂದ್ರೆ ಅವಳ ಮಗನಿಗೆ ಟೋಕಿಯೋ ಅನ್ನೋ ಆಸೆ ಹಚ್ಚಿದ್ದೇ ಆ ಮೇಷ್ಟ್ರು.

ಓದಿದ್ರೂ ಕೆಲಸ ಇಲ್ಲ ಅನ್ನೋದು ಆಗ ಮನೆಮನೆ ಮಾತು. ಓಜು 1929ರಲ್ಲೇ ‘ಡಿಗ್ರಿ ಏನೋ ಆಯ್ತು, ಆದ್ರೆ’ ಅನ್ನೋ ಥರದ ಹೆಸರಿಟ್ಟು ಒಂದು ಮೂಕಿಚಿತ್ರ ಮಾಡಿದ್ರು, ಆ ಹೆಸರು ಜನರ ಬಾಯಲ್ಲಿ ಹಾಗೇ ಕೂತಿತ್ತು. ಆಗ ಪ್ರೈಮರಿ ಆರು ವರ್ಷ ಮಾತ್ರ ಕಡ್ಡಾಯ, ಮಿಡಲ್ ಸ್ಕೂಲು ಫೀಸು ಕಟ್ಟಿ ಓದಬೇಕಾದ ಐದು ವರ್ಷ. ಒಬ್ಬ ರೇಷ್ಮೆ ಕೂಲಿ ಹೆಂಗಸು ಅದಕ್ಕೆ ತೋಟ ಮಾರಿದ್ಲು ಅಂದ್ರೆ ಅದು ದಾನ ಅಲ್ಲ, ಹೂಡಿಕೆ. ವಾಪಸ್ ಬರುತ್ತೆ ಅಂತಾನೇ ಹಾಕಿದ್ದು. ಇದನ್ನ ಒಪ್ಕೊಳೋಕೆ ನಮಗೆ ಕಷ್ಟ, ತಾಯಂದ್ರು ನಿಸ್ವಾರ್ಥಿಗಳು ಅಂತ ನಾವು ಹಾಡು ಬರ್ಕೊಂಡು ಬಂದಿರೋರು. ಓಜುಗೆ ಆ ಮುಲಾಜಿಲ್ಲ. ಸಿನಿಮಾ ಶುರುವಾಗೋದೇ ಕಥೆಗಾರ ರ್ಯೂನೊಸುಕೆ ಅಕುತಾಗಾವಾ ಅವರ ಒಂದು ಸಾಲಿನಿಂದ: ಬದುಕಿನ ದುರಂತದ ಮೊದಲ ಅಂಕ ಶುರುವಾಗೋದು ತಂದೆತಾಯಿ ಮಕ್ಕಳು ಅನ್ನೋ ನಂಟಿನಿಂದ, ಅಂತ. ಇಂಥ ಸಾಲು ಹಾಕಿದ್ಮೇಲೆ ಮಮತೆಯ ಪೂಜೆ ಮಾಡೋಕಾಗಲ್ಲ.

ಈಗ ಕೊನೆಯ ಸುತ್ತು. ರಾತ್ರಿ ಜಗಳ ಆದ್ಮೇಲೆ ಸುಗಿಕೊ ತನ್ನ ಕಿಮೊನೊ, ಅಂದ್ರೆ ಜಪಾನಿ ಉಡುಪು, ಮಾರಿ ದುಡ್ಡು ತಂದು ಗಂಡನ ಕೈಗೆ ಕೊಡ್ತಾಳೆ, ಅತ್ತೇನ ಎಲ್ಲಾದ್ರೂ ಕರ್ಕೊಂಡು ಹೋಗೋಣ ಅಂತ. ಹೊರಡೋಕೆ ರೆಡಿ ಆಗ್ತಾ ಇದಾರೆ. ಅಷ್ಟರಲ್ಲಿ ಪಕ್ಕದ ಮನೆ ಹುಡುಗ ತೋಮಿಬೊ, ಬೇಸ್‌ಬಾಲ್ ಗ್ಲೋವ್ ಬೇಕು ಅಂತ ಅಮ್ಮನ ಹತ್ರ ಹಠ ಮಾಡಿ ಸಿಗದೇ ಇದ್ದವನು, ಕುದುರೆ ಹೊಟ್ಟೆ ಕೆಳಗೆ ನುಸುಳೋ ಆಟ ಆಡೋಕೆ ಹೋಗಿ ಒದೆಸ್ಕೊತಾನೆ. ರ್ಯೋಸುಕೆ ಅವನನ್ನ ಎತ್ಕೊಂಡು ಆಸ್ಪತ್ರೆಗೆ ಓಡ್ತಾನೆ. ಅಲ್ಲಿ ಹುಡುಗನ ಅಮ್ಮ ಓತಾಕಾಗೆ ಆ ಕಿಮೊನೊ ದುಡ್ಡು ಕೊಟ್ಬಿಡ್ತಾನೆ.

ಇದನ್ನ ನೋಡಿ ಓತ್ಸುನೆ ಮಗನಿಗೆ ಹೇಳ್ತಾಳಲ್ಲ, ಇವತ್ತು ನನಗೆ ನಿನ್ನ ಬಗ್ಗೆ ಹೆಮ್ಮೆ ಆಯ್ತು, ಬಡತನದಲ್ಲಿ ಯಾರಾದ್ರೂ ಹೀಗೆ ಕೈ ಹಿಡಿದ್ರೆ ಹೇಗಿರುತ್ತೆ ಅಂತ ನನಗೆ ಗೊತ್ತು, ನೀನು ಶ್ರೀಮಂತ ಆಗ್ದೇ ಇದ್ದಿದ್ದೇ ಒಳ್ಳೇದಾಯ್ತೇನೋ, ಊರಿಗೆ ತಗೊಂಡು ಹೋಗೋಕೆ ಇದಕ್ಕಿಂತ ಒಳ್ಳೇ ಉಡುಗೊರೆ ಇಲ್ಲ ಅಂತ. ಬಹಳ ಜನ ಸಿನಿಮಾನ ಇಲ್ಲಿಗೇ ಮುಗಿಸ್ಕೊಂಡು ಮನೆಗೆ ಹೋಗ್ತಾರೆ. ದುಡ್ಡಿಗಿಂತ ಗುಣ ದೊಡ್ಡದು, ಮುಗೀತು. ನಾನು ಇದನ್ನ ಒಪ್ಪಲ್ಲ. ಇಲ್ಲಿಗೇ ಮುಗಿಸಬೇಕಿದ್ರೆ ಓಜು ಮುಗಿಸ್ತಿದ್ರು, ಇನ್ನೂ ಮೂರು ಸೀನು ತೆಗೀತಿರಲಿಲ್ಲ.

ದುಡ್ಡಿನ ದಾರಿ ನೋಡಿ. ಅಮ್ಮನಿಂದ ಮಗನಿಗೆ ಹೋಗಿದ್ದು ಮನೆ, ಗದ್ದೆ, ತೋಟ. ಮಗ ವಾಪಸ್ ಕೊಡೋಕೆ ಒದ್ದಾಡ್ತಾನೆ, ಸಾಲ ಮಾಡ್ತಾನೆ, ಟ್ಯಾಕ್ಸಿ, ಸಿನಿಮಾ, ನೂಡಲ್ಸ್, ಏನು ಕೊಟ್ರೂ ಅಮ್ಮನಿಗೆ ಮುಟ್ಟಲ್ಲ, ಒಂದೋ ನಿದ್ದೆ ಹೋಗ್ತಾಳೆ, ಇಲ್ಲಾ ಇವರ ಹತ್ರ ದುಡ್ಡಿಲ್ಲ ಅನ್ನೋದು ಅವಳಿಗೆ ಗೊತ್ತಾಗಿ ಸಂಕಟ ಪಡ್ತಾಳೆ. ಕೊನೆಗೆ ಅವಳಿಗೆ ಅಂತಾನೇ ಎತ್ತಿಟ್ಟ ದುಡ್ಡು ಇನ್ನೊಬ್ಬ ವಿಧವೆ ಥರದ ಬಡ ತಾಯಿಯ ಮಗನಿಗೆ ಹೋಗುತ್ತೆ. ಆ ಕ್ಷಣಕ್ಕೇ, ಮೊದಲ ಸಲ, ಅಮ್ಮನಿಗೆ ಏನೋ ವಾಪಸ್ ಬಂತು ಅನ್ಸುತ್ತೆ. ಅಂದ್ರೆ ಮೇಲಿನವರಿಗೆ ತೀರಿಸೋಕಾಗದ ಸಾಲನ ಪಕ್ಕದವರಿಗೆ ತೀರಿಸಿದ. ಇದು ಸಮಾಧಾನ ಹೌದು. ಆದ್ರೆ ಆಮೇಲೆ ಏನಾಗುತ್ತೆ? ಅಮ್ಮ ಊರಿಗೆ ಹೋದ್ಮೇಲೆ ಮನೇಲಿ ಒಂದು ಕವರ್ ಸಿಗುತ್ತೆ, ಮೊಮ್ಮಗನಿಗೆ ಏನಾದ್ರೂ ಕೊಡಿಸಿ ಅಂತ ಚೀಟಿ, ಒಳಗೆ ದುಡ್ಡು. ಸಾಲುಮನೇಲಿರೋ, ಫ್ಯಾಕ್ಟರಿ ನೆಲ ಒರೆಸೋ ಆ ಮುದುಕಿ ದುಡ್ಡು. ಲೆಕ್ಕ ಮತ್ತೆ ಮಗನ ಹೆಸರಿಗೇ ಬಂತು. ಅವನು ಅದನ್ನ ಹಿಡ್ಕೊಂಡು ಸುಗಿಕೊಗೆ ಹೇಳ್ತಾನೆ, ನಾನು ಮತ್ತೆ ಓದ್ತೀನಿ, ಮಿಡಲ್ ಸ್ಕೂಲ್ ಮೇಷ್ಟ್ರ ಸರ್ಟಿಫಿಕೇಟ್ ಪರೀಕ್ಷೆ ಕಟ್ತೀನಿ, ಅಮ್ಮನ್ನ ಇನ್ನೊಂದ್ಸಲ ಟೋಕಿಯೋಗೆ ಕರೆಸ್ತೀನಿ. ಗುಣಾನೇ ಸಾಕು ಅಂತ ಅಮ್ಮನೇ ಹೇಳಿ ಹೋದ್ಮೇಲೂ ಅವನಿಗೆ ಸಾಕು ಅನ್ಸಿಲ್ಲ.

ಅವಳಿಗೂ ಸಾಕು ಅನ್ಸಿಲ್ಲ, ಅದೇ ಕೊನೇ ಸೀನು. ಫ್ಯಾಕ್ಟರೀಲಿ ನೆಲ ಉಜ್ಜುವಾಗ ಜೊತೆಗಾರ್ತಿ ಟೋಕಿಯೋ ಹೇಗಿತ್ತು ಅಂತ ಕೇಳ್ತಾಳೆ. ಮಗ ತುಂಬಾ ದೊಡ್ಡ ಮನುಷ್ಯ ಆಗಿದಾನೆ, ಒಳ್ಳೇ ಸೊಸೆ ಸಿಕ್ಕಿದಾಳೆ, ಇನ್ನು ನಾನು ಯಾವಾಗ ಸತ್ರೂ ಚಿಂತೆ ಇಲ್ಲ ಅಂತಾಳೆ ಇವಳು. ಆಮೇಲೆ ಹೊರಗೆ ಬಂದು ಕೂತಾಗ ಆ ಮುಖ. ಆ ಮಾತು ಅರ್ಧ ನಿಜ ಅರ್ಧ ಸುಳ್ಳು, ಯಾವ ಅರ್ಧ ಯಾವುದು ಅಂತ ಅವಳಿಗೇ ಗೊತ್ತಿಲ್ಲ. ಮಗನ ಒಳ್ಳೇತನ ಸುಳ್ಳಲ್ಲ, ತೋಟ ಹೋಗಿದ್ದೂ ಸುಳ್ಳಲ್ಲ, ಒಂದು ಇನ್ನೊಂದನ್ನ ವಜಾ ಮಾಡಲ್ಲ. ಆಮೇಲೆ ಓಜು ಅಗುಳಿ ಹಾಕಿದ ದೊಡ್ಡ ಗೇಟು ತೋರಿಸಿ ಬಿಟ್ಬಿಡ್ತಾರೆ.

ಚೋಕೊ ಈದಾ ಬಗ್ಗೆ ಒಂದು ಮಾತು ಹೇಳದೇ ಹೋದ್ರೆ ತಪ್ಪಾಗುತ್ತೆ. ಆ ಮುದುಕಿ ಪಾರ್ಟ್ ಮಾಡುವಾಗ ಆಕೆಗೆ ನಲವತ್ತೂ ತುಂಬಿರಲಿಲ್ಲ, 1897ರಲ್ಲಿ ಹುಟ್ಟಿದವರು. ಮಗನ ಪಾರ್ಟ್ ಮಾಡಿದ ಶಿನಿಚಿ ಹಿಮೊರಿಗಿಂತ ಹತ್ತೇ ವರ್ಷ ದೊಡ್ಡವರು. ಬೆನ್ನು ಬಗ್ಗಿಸೋದು, ಕೂತಲ್ಲಿಂದ ಏಳೋಕೆ ತಗೊಳೋ ಹೊತ್ತು, ಮಾತಾಡೋಕೆ ಮುಂಚೆ ಸುಮ್ನೆ ತಲೆ ಆಡಿಸೋದು, ಇಷ್ಟರಲ್ಲೇ ಮಾಡಿದಾರೆ, ಮೇಕಪ್ ಕೆಲಸ ಕಡಿಮೆ.

ಕಿನೆಮಾ ಜುನ್‌ಪೊ ಅನ್ನೋ ಸಿನಿಮಾ ಪತ್ರಿಕೆ ಮಾಡಿದ 1936ರ ಒಳ್ಳೇ ಸಿನಿಮಾಗಳ ಪಟ್ಟೀಲಿ ಇದಕ್ಕೆ ನಾಲ್ಕನೇ ಜಾಗ ಸಿಕ್ತು. ಅದೇ ಪಟ್ಟೀಲಿ ಮೊದಲನೇದು, ಮೂರನೇದು ಎರಡೂ ಇನ್ನೊಬ್ಬ ನಿರ್ದೇಶಕ ಮಿಜೊಗುಚಿ ಅವರದು, ಅವೂ ದುಡ್ಡಿಗೆ ಸಿಕ್ಕಿಹಾಕ್ಕೊಂಡ ಹೆಂಗಸರ ಕಥೆಗಳೇ. ಆ ವರ್ಷ ಫೆಬ್ರವರೀಲಿ ಟೋಕಿಯೋದಲ್ಲಿ ಸೈನ್ಯದ ಯುವ ಆಫೀಸರ್‌ಗಳು ಮಂತ್ರಿಗಳನ್ನ ಕೊಂದು ದಂಗೆ ಎದ್ದಿದ್ರು. ಮುಂದಿನ ವರ್ಷ ಚೀನಾ ಜೊತೆ ಯುದ್ಧ, ಓಜು ಅವರನ್ನೂ ಸೈನ್ಯಕ್ಕೆ ಕರೆದು ಕಳಿಸಿದ್ರು. ರೇಷ್ಮೆಯಂತೂ 1940ರಲ್ಲಿ ಅಮೆರಿಕಾ ಅಂಗಡಿಗಳಿಗೆ ನೈಲಾನ್ ಕಾಲುಚೀಲ ಬಂದ್ಮೇಲೆ ಮೊದಲಿನ ಹಾಗೆ ಏಳಲೇ ಇಲ್ಲ.

ಮಾತು ಮುಗಿಸಿ ನಾನು ಪ್ರಶ್ನೆಗಳಿದ್ರೆ ಕೇಳಿ ಅಂದಾಗ ಹಿಂದಿನ ಸಾಲಿಂದ ಒಬ್ಬ ಹೆಣ್ಣುಮಗಳು ಕೇಳಿದ್ರು, ‘ಸರ್, ನೀವು ಅಮ್ಮ ಮಗನ ಲೆಕ್ಕ ಹೇಳಿದ್ರಿ, ಕಿಮೊನೊ ಮಾರಿದವಳ ಲೆಕ್ಕ ಎಲ್ಲಿ?’ ಅಂತ. ಸರಿಯಾದ ಪ್ರಶ್ನೆ. ಆಸ್ಪತ್ರೇಲಿ ಕೊಟ್ಟ ದುಡ್ಡು ಸುಗಿಕೊದು. ಹೊಗಳಿಕೆ ಸಿಕ್ಕಿದ್ದು ರ್ಯೋಸುಕೆಗೆ. ಆ ದುಡ್ಡು ಎಲ್ಲಿಂದ ಬಂತು ಅಂತ ಆ ಸೀನಲ್ಲಿ ಅಮ್ಮನಿಗೆ ಯಾರೂ ಹೇಳಲ್ಲ. ಕೊಡೋಕೆ ಮುಂಚೆ ಅವನು ಹೆಂಡತಿನ ಒಂದು ಮಾತು ಕೇಳೋದೂ ನಮಗೆ ಕಾಣಲ್ಲ, ಅವಳೂ ಆಮೇಲೆ ಅದರ ಬಗ್ಗೆ ಏನೂ ಅನ್ನಲ್ಲ. ಯೋಶಿಕೊ ತ್ಸುಬೊಉಚಿ ಈ ಪಾತ್ರನ ಎಷ್ಟು ತಗ್ಗಿಸಿ ಮಾಡಿದಾರೆ ಅಂದ್ರೆ, ಅವಳು ಮೂಲೇಲಿ ಕೂತಿರೋದೇ ಎಷ್ಟೋ ಸಲ ಗೊತ್ತಾಗಲ್ಲ. ಓಜು ಬೇಕಂತ ಹಾಗೆ ಮಾಡಿದ್ರಾ, ಇಲ್ಲಾ ಆ ಕಾಲದ ಗಂಡಸಾಗಿ ಅವರೂ ಅವಳನ್ನ ಮರೆತ್ರಾ? ನನ್ನ ಓಟು ಮೊದಲನೇದಕ್ಕೆ, ಯಾಕಂದ್ರೆ ಕಿಮೊನೊ ಮಾರಿ ಬಂದ ದುಡ್ಡನ್ನ ಅವಳು ಗಂಡನ ಕೈಗೆ ಇಡೋ ಆ ಹೊತ್ತನ್ನ ಅವರು ಅವಸರ ಮಾಡದೇ ಪೂರ್ತಿ ತೋರಿಸಿದಾರೆ, ಮರೆತವರು ಹಾಗೆ ತೋರಿಸಲ್ಲ. ಆದ್ರೆ ಆ ಹೆಣ್ಣುಮಗಳು ತಲೆ ಆಡಿಸ್ಲಿಲ್ಲ, ‘ತೋರಿಸಿದ್ರೆ ಸಾಕಾ ಸರ್, ಅತ್ತೆ ಬಾಯಲ್ಲಿ ಒಂದು ಥ್ಯಾಂಕ್ಸ್ ಹೇಳಿಸ್ಬೋದಿತ್ತಲ್ವಾ’ ಅಂದ್ರು, ಪಕ್ಕದವರು ಇಲ್ಲ ಊರಲ್ಲಿ ‘ಒಳ್ಳೇ ಸೊಸೆ’ ಅಂತ ಹೇಳ್ತಾಳಲ್ಲ ಅಂದ್ರು, ಅದಕ್ಕೆ ಇವರು ಅದು ಸೊಸೆಗೆ ಕೇಳಿಸ್ತಾ ಅಂದ್ರು, ಹಾಲ್ ಬಾಗಿಲು ಹಾಕೋ ಟೈಮ್ ಆಗೋವರೆಗೂ ಅದೇ ನಡೀತು.